ಪೆನ್‌ಡ್ರೈವ್‌ನಿಂದ ಲಿನಕ್ಸ್: ಇನ್‌ಸ್ಟಾಲ್ ಮಾಡದೇ ಬೂಟ್ ಮಾಡೋದು ಹೇಗೆ?



ಹೋದ ಸಂಚಿಕೆ ಬಂದ ಮೇಲೆ ಕ್ಲಬ್‌ನ ಸೀನಿಯರ್ ಒಬ್ಬರು "ಎಲ್ಲರೂ ಕವನ, ಟ್ರಿಪ್ ಅನುಭವ ಬರೀತಿದ್ದೀರ, ಯಾರಾದ್ರೂ ಒಂದು ಟೆಕ್ನಿಕಲ್ ವಿಷಯ ಕನ್ನಡದಲ್ಲಿ ಬರೀರಪ್ಪ" ಅಂದ್ರು. ನಾನು ಕೈ ಎತ್ತಿಬಿಟ್ಟೆ. ಎತ್ತಿದ ಮೇಲೆ ಭಯ ಆಯ್ತು. ಎಲ್‌ಕೆಜಿಯಿಂದ ನಾನು ಇಂಗ್ಲಿಷ್ ಮೀಡಿಯಂ, ಕನ್ನಡ ಬರೀ ಸೆಕೆಂಡ್ ಲ್ಯಾಂಗ್ವೇಜ್. ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ವಿಷಯ ಆರಿಸೋದು ಕಷ್ಟ ಆಗಲಿಲ್ಲ. ಮೂರನೇ ಸೆಮ್‌ನಲ್ಲಿ ಓಎಸ್ ಲ್ಯಾಬ್ ಶುರುವಾದಾಗ ನಮ್ಮ ಬ್ಯಾಚ್‌ನಲ್ಲಿ ಅರ್ಧ ಜನರ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇರಲಿಲ್ಲ. ಡ್ಯುಯಲ್ ಬೂಟ್ ಮಾಡೋಕೆ ಹೋದ್ರೆ ವಿಂಡೋಸ್ ಹೋಗಿಬಿಡುತ್ತೆ ಅಂತ ಎಲ್ಲರಿಗೂ ಹೆದರಿಕೆ. ಆದ್ರೆ ಇನ್‌ಸ್ಟಾಲ್ ಮಾಡದೇ, ಹಾರ್ಡ್ ಡಿಸ್ಕ್ ಮುಟ್ಟದೇ, ಒಂದು ಪೆನ್‌ಡ್ರೈವ್‌ನಿಂದ ಪೂರ್ತಿ ಲಿನಕ್ಸ್ ಓಡಿಸಬಹುದು. ಇದನ್ನ ಕಲಿಯುವಾಗ ನಾನು ಮಾಡಿದ ಒಂದು ತಪ್ಪಿಂದ ನಮ್ಮ ಮನೆಯಲ್ಲಿ ಒಂದು ನಷ್ಟ ಆಗಿದೆ. ಅದು ಪೂರ್ತಿ ಸರಿಹೋಗಲಿಲ್ಲ. ನಿಮಗೆ ಹಾಗಾಗಬಾರದು ಅಂತ ಅದನ್ನೂ ಹೇಳ್ತೀನಿ.

1. ಲೈವ್ ಅಂದ್ರೆ ಏನು?

ಸಾಮಾನ್ಯವಾಗಿ ಓಎಸ್ ಹಾರ್ಡ್ ಡಿಸ್ಕ್‌ನಲ್ಲೋ ಎಸ್‌ಎಸ್‌ಡಿಯಲ್ಲೋ ಕೂತಿರುತ್ತೆ. ಲೈವ್ ಸಿಸ್ಟಮ್‌ನಲ್ಲಿ ಹಾಗಲ್ಲ. ಓಎಸ್ ಇರೋದು ಒಂದು ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ, ಓಡೋದು ರ್‍ಯಾಮ್‌ನಲ್ಲಿ. ಆಫ್ ಮಾಡಿ ಪೆನ್‌ಡ್ರೈವ್ ತೆಗೆದ್ರೆ ನಿಮ್ಮ ವಿಂಡೋಸ್ ಮುಂಚೆ ಹೇಗಿತ್ತೋ ಹಾಗೇ ಇರುತ್ತೆ.

ಇದೇನು ಹೊಸ ಐಡಿಯಾ ಅಲ್ಲ. 1992ರಲ್ಲೇ ಯಿಗ್‌ಡ್ರಸಿಲ್ ಅನ್ನೋ ಲಿನಕ್ಸ್ ಸಿಡಿಯಿಂದ ಓಡ್ತಿತ್ತು. ಇದನ್ನ ಜನಪ್ರಿಯ ಮಾಡಿದ್ದು 2000ದಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಬಿಡುಗಡೆ ಮಾಡಿದ ಕ್ನಾಪಿಕ್ಸ್. ಒಂದೇ ಸಿಡಿಯಲ್ಲಿ ಡೆಸ್ಕ್‌ಟಾಪ್, ಬ್ರೌಸರ್, ಆಫೀಸ್ ಎಲ್ಲಾ ತುಂಬಿದ್ರು. 700 ಎಂಬಿ ಸಿಡಿಯಲ್ಲಿ ಅಷ್ಟೆಲ್ಲ ಹಿಡಿದದ್ದು ಕಂಪ್ರೆಷನ್‌ನಿಂದ. ಆ ಟ್ರಿಕ್ ಇವತ್ತಿಗೂ ಎಲ್ಲಾ ಲೈವ್ ಡಿಸ್ಟ್ರೋಗಳಲ್ಲಿ ಬೇರೆ ರೂಪದಲ್ಲಿ ಇದೆ. ಕೆಳಗೆ ನೋಡೋಣ.

2. ಐಎಸ್ಓ ಫೈಲನ್ನ ಸುಮ್ನೆ ಕಾಪಿ ಮಾಡಿದ್ರೆ ಯಾಕೆ ಬೂಟ್ ಆಗಲ್ಲ?

ಇದು ಎಲ್ಲರೂ ಮಾಡೋ ಮೊದಲ ತಪ್ಪು. ಐಎಸ್ಓ ಡೌನ್‌ಲೋಡ್ ಮಾಡಿ, ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಿ, ರೀಸ್ಟಾರ್ಟ್ ಮಾಡಿ ಕಾಯ್ತಾ ಕೂರೋದು. ಪುಳಿಯೋಗರೆ ಪ್ಯಾಕೆಟ್ಟನ್ನ ಒಡೆಯದೇ ತಟ್ಟೆ ಮೇಲಿಟ್ಟು ಊಟಕ್ಕೆ ಕೂತ ಹಾಗೆ.

ಐಎಸ್ಓ ಅನ್ನೋದು ಒಂದು ಇಡೀ ಡಿಸ್ಕ್‌ನ ನಕಲು, ಒಂದೇ ಫೈಲ್‌ನಲ್ಲಿ. ಹೆಸರು ಬಂದಿದ್ದು ಸಿಡಿಗಳ ಫೈಲ್ ಸಿಸ್ಟಮ್ ಸ್ಟ್ಯಾಂಡರ್ಡ್ ಆದ ಐಎಸ್ಓ 9660ಯಿಂದ. ಅದು 1988ರದ್ದು. ಆ ಫೈಲನ್ನ ಪೆನ್‌ಡ್ರೈವ್ ಒಳಗೆ ಒಂದು ಫೈಲಾಗಿ ಇಟ್ರೆ, ಕಂಪ್ಯೂಟರ್ ಆನ್ ಆದ ಕೂಡಲೇ ಎದ್ದೇಳೋ ಫರ್ಮ್‌ವೇರ್‌ಗೆ ಅದನ್ನ ಬಿಚ್ಚಿ ನೋಡೋಕೆ ಬರಲ್ಲ. ಅದಕ್ಕೆ ಗೊತ್ತಿರೋದು ಎರಡೇ ದಾರಿ.

ಹಳೇ ಬಯಾಸ್: ಡಿಸ್ಕ್‌ನ ಮೊದಲ 512 ಬೈಟ್ ಮಾತ್ರ ಓದುತ್ತೆ. ಇದಕ್ಕೆ ಎಂಬಿಆರ್ ಅಂತಾರೆ. ಅದರಲ್ಲಿ 446 ಬೈಟ್ ಬೂಟ್ ಕೋಡ್, 64 ಬೈಟ್ ಪಾರ್ಟಿಷನ್ ಟೇಬಲ್, ಕೊನೇ 2 ಬೈಟ್ ಗುರುತಿನ ಸಹಿ. ಸಹಿ ಸರಿ ಇದ್ರೆ ಕೋಡನ್ನ ಓಡಿಸುತ್ತೆ, ಇಲ್ಲ ಅಂದ್ರೆ ಮುಂದಿನ ಡಿಸ್ಕ್‌ಗೆ ಹೋಗುತ್ತೆ.

ಹೊಸ ಯುಇಎಫ್‌ಐ: ನಮ್ಮ ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರೋದು ಇದು. ಇದಕ್ಕೆ ಫ್ಯಾಟ್ ಫೈಲ್ ಸಿಸ್ಟಮ್ ಓದೋಕೆ ಬರುತ್ತೆ. ಪೆನ್‌ಡ್ರೈವ್‌ನಲ್ಲಿ ಫ್ಯಾಟ್ ಪಾರ್ಟಿಷನ್ ಹುಡುಕಿ, ಅದರೊಳಗೆ ಇಎಫ್‌ಐ ಫೋಲ್ಡರ್, ಅದರೊಳಗೆ ಬೂಟ್ ಫೋಲ್ಡರ್, ಅದರೊಳಗೆ ಬೂಟ್‌ಎಕ್ಸ್64 ಅನ್ನೋ ಫೈಲ್ ಇದ್ಯಾ ಅಂತ ನೋಡುತ್ತೆ. ಇದ್ರೆ ಓಡಿಸುತ್ತೆ.

ಹಾಗಾದ್ರೆ ಸಿಡಿಗೋಸ್ಕರ ಮಾಡಿದ ಐಎಸ್ಓ ಪೆನ್‌ಡ್ರೈವ್‌ನಲ್ಲಿ ಹೇಗೆ ಬೂಟ್ ಆಗುತ್ತೆ? ಇಲ್ಲಿ ಒಂದು ಚಂದದ ವಿಷಯ ಇದೆ. ಐಎಸ್ಓ 9660ಯಲ್ಲಿ ಮೊದಲ 16 ಸೆಕ್ಟರ್‌ಗಳನ್ನ ಖಾಲಿ ಬಿಟ್ಟಿದ್ದಾರೆ. ಸಿಡಿಯ ಒಂದು ಸೆಕ್ಟರ್ 2048 ಬೈಟ್, ಅಂದ್ರೆ ಒಟ್ಟು 32 ಕೆಬಿ ಖಾಲಿ ಜಾಗ. ಸಿಡಿಗೆ ಆ ಜಾಗ ಬೇಕಿಲ್ಲ. ಲಿನಕ್ಸ್‌ನವರು ಅಲ್ಲೇ ಎಂಬಿಆರ್ ಮತ್ತು ಪಾರ್ಟಿಷನ್ ಟೇಬಲ್ ತುಂಬಿಸಿದ್ರು. ಸಿಡಿಗೆ ಬರೆದ್ರೆ ಸಿಡಿ ಥರ, ಪೆನ್‌ಡ್ರೈವ್‌ಗೆ ಬರೆದ್ರೆ ಹಾರ್ಡ್ ಡಿಸ್ಕ್ ಥರ ಕಾಣುತ್ತೆ. ಇಂಥ ಐಎಸ್ಓಗೆ ಹೈಬ್ರಿಡ್ ಐಎಸ್ಓ ಅಂತಾರೆ. ಇವತ್ತು ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್ ಎಲ್ಲವೂ ಹೈಬ್ರಿಡ್ಡೇ.

ಹೀಗಾಗಿ ಐಎಸ್ಓದ ಮೊದಲ ಬೈಟ್ ಪೆನ್‌ಡ್ರೈವ್‌ನ ಮೊದಲ ಬೈಟ್ ಆಗಿಯೇ ಕೂರಬೇಕು. ಕಾಪಿ ಪೇಸ್ಟ್ ಇದನ್ನ ಮಾಡಲ್ಲ. ಅದಕ್ಕೆ ಬೇರೆ ಟೂಲ್ ಬೇಕು.

3. ತಯಾರಿ

ಬೇಕಾಗಿರೋದು: 8 ಜಿಬಿ ಅಥವಾ ಜಾಸ್ತಿಯ ಒಂದು ಪೆನ್‌ಡ್ರೈವ್, ಒಂದು ಐಎಸ್ಓ, ಅರ್ಧ ಗಂಟೆ ಟೈಮ್. ಮೊದಲ ಸಲ ಮಾಡೋರಿಗೆ ನಾನು ಹೇಳೋದು ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ಸುಮಾರು 3 ಜಿಬಿ ಇದೆ, 4 ಜಿಬಿ ರ್‍ಯಾಮ್ ಇರೋ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ. ಹಾಸ್ಟೆಲ್ ವೈಫೈಯಲ್ಲಿ ರಾತ್ರಿ ಹಾಕಿ ಮಲಗಿದ್ರೆ ಬೆಳಿಗ್ಗೆ ಹೊತ್ತಿಗೆ ಬಂದಿರುತ್ತೆ.

ಡೌನ್‌ಲೋಡ್ ಆದ ಮೇಲೆ ಎಲ್ಲರೂ ಬಿಡೋ ಒಂದು ಕೆಲಸ ಇದೆ: ಶಾ256 ಚೆಕ್. ಡಿಸ್ಟ್ರೋದ ಸೈಟ್‌ನಲ್ಲಿ 64 ಅಕ್ಷರದ ಒಂದು ಸಾಲು ಕೊಟ್ಟಿರ್ತಾರೆ. ನಿಮ್ಮ ಫೈಲ್‌ನಿಂದ ಲೆಕ್ಕ ಹಾಕಿದಾಗ ಅದೇ ಸಾಲು ಬರಬೇಕು. ಒಂದೇ ಒಂದು ಬಿಟ್ ಬೇರೆ ಆದ್ರೂ ಇಡೀ ಸಾಲು ಬದಲಾಗುತ್ತೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೆದು ಸರ್ಟ್‌ಯುಟಿಲ್ ಕಮಾಂಡ್‌ನ ಹ್ಯಾಶ್‌ಫೈಲ್ ಆಯ್ಕೆ ಬಳಸಿ, ಫೈಲ್ ಹೆಸರಾದ ಮೇಲೆ ಶಾ256 ಅಂತ ಸೇರಿಸಿ. ಲಿನಕ್ಸ್‌ನಲ್ಲಿ ಶಾ256ಸಮ್ ಕಮಾಂಡ್, ಪಕ್ಕದಲ್ಲಿ ಫೈಲ್ ಹೆಸರು, ಅಷ್ಟೇ.

"ಇಷ್ಟೆಲ್ಲಾ ಯಾಕೆ?" ಅನ್ಸುತ್ತೆ. ಎರಡು ಕಾರಣ. ಒಂದು, ವೈಫೈ ಮಧ್ಯೆ ಕಟ್ ಆಗಿ ಫೈಲ್ ಹಾಳಾಗಿದ್ರೆ ಬೂಟ್ ಆಗುವಾಗ ವಿಚಿತ್ರ ಎರರ್ ಬರುತ್ತೆ, ನೀವು ಪೆನ್‌ಡ್ರೈವನ್ನ ಬೈತೀರ. ಎರಡು, ಸೆಕ್ಯುರಿಟಿ. 2016ರ ಫೆಬ್ರವರಿಯಲ್ಲಿ ಇದೇ ಲಿನಕ್ಸ್ ಮಿಂಟ್‌ನ ವೆಬ್‌ಸೈಟ್ ಹ್ಯಾಕ್ ಆಗಿ, ಡೌನ್‌ಲೋಡ್ ಲಿಂಕ್ ಬದಲಾಗಿ, ಬ್ಯಾಕ್‌ಡೋರ್ ಇದ್ದ ನಕಲಿ ಐಎಸ್ಓ ಜನರಿಗೆ ಸಿಕ್ಕಿತ್ತು. ಮಿಂಟ್‌ನವರೇ ಅದನ್ನ ಬಹಿರಂಗವಾಗಿ ಹೇಳಿದ್ರು. ಒಂದು ಮಾತು: ಸೈಟೇ ಹ್ಯಾಕ್ ಆಗಿದ್ರೆ ಅಲ್ಲಿರೋ ಶಾ256 ಸಾಲನ್ನೂ ಬದಲಾಯಿಸಬಹುದು. ಅದಕ್ಕೇ ಆ ಸಾಲುಗಳ ಫೈಲ್‌ಗೆ ಜಿಪಿಜಿ ಸಹಿ ಹಾಕಿರ್ತಾರೆ. ಅದನ್ನ ಚೆಕ್ ಮಾಡೋದು ಇನ್ನೊಂದು ಪಾಠ, ಮುಂದೆ ಯಾವಾಗಾದ್ರೂ ಬರೀತೀನಿ.

4. ಬರೆಯೋದು, ಮತ್ತು ನಾನು ಮಾಡಿದ ತಪ್ಪು

ಟೂಲ್‌ಗಳು ತುಂಬಾ ಇವೆ. ನಾನು ಬಳಸಿರೋ ನಾಲ್ಕು:

ರೂಫಸ್: ವಿಂಡೋಸ್‌ಗೆ ಮಾತ್ರ. ಚಿಕ್ಕದು, ಇನ್‌ಸ್ಟಾಲ್ ಕೂಡ ಬೇಡ. ಹೈಬ್ರಿಡ್ ಐಎಸ್ಓ ಕೊಟ್ರೆ "ಐಎಸ್ಓ ಮೋಡ್ ಬೇಕಾ, ಡಿಡಿ ಮೋಡ್ ಬೇಕಾ" ಅಂತ ಕೇಳುತ್ತೆ. ಐಎಸ್ಓ ಮೋಡ್‌ನಲ್ಲಿ ಪೆನ್‌ಡ್ರೈವನ್ನ ಫಾರ್ಮ್ಯಾಟ್ ಮಾಡಿ ಒಳಗಿನ ಫೈಲ್‌ಗಳನ್ನ ಬಿಚ್ಚಿ ಹಾಕುತ್ತೆ. ಡಿಡಿ ಮೋಡ್‌ನಲ್ಲಿ ಬೈಟ್‌ಗೆ ಬೈಟ್ ಹಾಗೇ ಬರೆಯುತ್ತೆ. ಮೊದಲು ಐಎಸ್ಓ ಮೋಡ್ ಟ್ರೈ ಮಾಡಿ, ಬೂಟ್ ಆಗದಿದ್ರೆ ಡಿಡಿ.

ಎಚರ್: ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ. ಮೂರೇ ಬಟನ್. ಬರೆದಾದ ಮೇಲೆ ತಾನೇ ಓದಿ ಸರಿ ಇದ್ಯಾ ಅಂತ ನೋಡುತ್ತೆ.

ವೆಂಟಾಯ್: ನನ್ನ ಫೇವರಿಟ್. ಒಂದು ಸಲ ಪೆನ್‌ಡ್ರೈವ್‌ಗೆ ಹಾಕಿದ್ರೆ ಎರಡು ಪಾರ್ಟಿಷನ್ ಮಾಡುತ್ತೆ, ಬೂಟ್‌ಗೆ ಒಂದು ಪುಟ್ಟದು, ನಿಮಗೆ ಒಂದು ದೊಡ್ಡದು. ಆಮೇಲೆ ದೊಡ್ಡದರಲ್ಲಿ ಐಎಸ್ಓಗಳನ್ನ ಸುಮ್ನೆ ಕಾಪಿ ಮಾಡಿದ್ರೆ ಸಾಕು, ಬೂಟ್ ಆದಾಗ ಲಿಸ್ಟ್ ತೋರಿಸುತ್ತೆ. ಅಂದ್ರೆ ಎರಡನೇ ಭಾಗದಲ್ಲಿ ನಾನು ಬೈದ ಕಾಪಿ ಪೇಸ್ಟ್ ಇಲ್ಲಿ ನಡೆಯುತ್ತೆ! ಯಾಕಂದ್ರೆ ಐಎಸ್ಓ ಬಿಚ್ಚಿ ನೋಡೋ ಕೆಲಸವನ್ನ ಫರ್ಮ್‌ವೇರ್ ಬದಲು ವೆಂಟಾಯ್ ಮಾಡುತ್ತೆ. ಆದ್ರೆ ಮೊದಲ ಸಲ ಹಾಕುವಾಗ ಪೆನ್‌ಡ್ರೈವ್‌ನಲ್ಲಿ ಇದ್ದದ್ದೆಲ್ಲಾ ಹೋಗುತ್ತೆ.

ಡಿಡಿ: ಲಿನಕ್ಸ್ ಟರ್ಮಿನಲ್‌ನ ಹಳೇ ಕಮಾಂಡ್. ಅದಕ್ಕೆ ಎರಡು ವಿಷಯ ಹೇಳಬೇಕು, ಐಎಫ್ ಅಂದ್ರೆ ಯಾವ ಫೈಲ್‌ನಿಂದ, ಓಎಫ್ ಅಂದ್ರೆ ಎಲ್ಲಿಗೆ. ಮೊದಲು ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಡಿಸ್ಕ್‌ಗಳ ಪಟ್ಟಿ ನೋಡಿ. ಪೆನ್‌ಡ್ರೈವ್ ಸಾಮಾನ್ಯವಾಗಿ ಎಸ್‌ಡಿಎ ಅಥವಾ ಎಸ್‌ಡಿಬಿ ಅಂತ ಇರುತ್ತೆ. ಇಡೀ ಡಿಸ್ಕ್‌ನ ಹೆಸರು ಕೊಡಬೇಕು, ಎಸ್‌ಡಿಬಿ1 ಥರ ಕೊನೇಲಿ ನಂಬರ್ ಇರೋದು ಪಾರ್ಟಿಷನ್, ಅದನ್ನ ಕೊಟ್ರೆ ಬೂಟ್ ಆಗಲ್ಲ. ಡಿಡಿ ನಿಮ್ಮನ್ನ "ಗ್ಯಾರಂಟಿನಾ?" ಅಂತ ಕೇಳೋದೇ ಇಲ್ಲ. ಅದಕ್ಕೇ ಅದನ್ನ ತಮಾಷೆಗೆ ಡಿಸ್ಕ್ ಡೆಸ್ಟ್ರಾಯರ್ ಅಂತಾರೆ.

ಈಗ ನನ್ನ ಕಥೆ. ಫಸ್ಟ್ ಇಯರ್ ಮುಗಿದು ರಜಕ್ಕೆ ಊರಿಗೆ ಹೋಗಿದ್ದೆ. ಹಾಸನದ ಹತ್ತಿರ ನಮ್ಮ ಹಳ್ಳಿ. ನಮ್ಮ ಅಜ್ಜಿ ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳ್ತಾರೆ. ಹಿಂದಿನ ವರ್ಷ ಅಪ್ಪ ಪಕ್ಕದಲ್ಲಿ ಕೂತು, ಅಜ್ಜಿ ಕೈಯಲ್ಲಿ 17 ಹಾಡು ಹೇಳಿಸಿ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದ್ರು. ಆಮೇಲೆ ಆ ಫೋನ್ ಹೋಯ್ತು. ಉಳಿದದ್ದು ಪೆನ್‌ಡ್ರೈವ್ ಒಂದೇ.

ಅವತ್ತು ಅಪ್ಪನಿಗೆ ಒಂದು ಪಿಡಿಎಫ್ ಕಾಪಿ ಮಾಡಿಕೊಡೋಕೆ ಅವರ ಪೆನ್‌ಡ್ರೈವ್ ಹಾಕಿದ್ದೆ. ನನ್ನದೂ ಹಾಕಿದ್ದೆ. ಎರಡೂ ಒಂದೇ ಅಂಗಡಿಯಲ್ಲಿ ತಗೊಂಡಿದ್ದು, ಎರಡೂ 32 ಜಿಬಿ, ಎರಡಕ್ಕೂ ಹೆಸರು ಇಟ್ಟಿರಲಿಲ್ಲ. ರೂಫಸ್ ತೆಗೆದೆ. ಮೇಲಿನ ಲಿಸ್ಟ್‌ನಲ್ಲಿ ಯಾವುದು ಬಂದಿತ್ತೋ ಅದನ್ನೇ ಬಿಟ್ಟೆ. ಡಿಡಿ ಮೋಡ್ ಒತ್ತಿದೆ. "ಈ ಡಿಸ್ಕ್‌ನಲ್ಲಿರೋ ಎಲ್ಲಾ ಡೇಟಾ ನಾಶ ಆಗುತ್ತೆ" ಅಂತ ರೂಫಸ್ ಸ್ಪಷ್ಟವಾಗಿ ಹೇಳ್ತು. ಟರ್ಮ್ಸ್ ಅಂಡ್ ಕಂಡಿಷನ್ಸ್‌ಗೆ ಓಕೆ ಒತ್ತೋ ಹಾಗೆ ಓಕೆ ಒತ್ತಿದೆ.

ಐದು ನಿಮಿಷ ಆದ ಮೇಲೆ ಗೊತ್ತಾಯ್ತು. ಟೂಲ್‌ನದ್ದು ಏನೂ ತಪ್ಪಿಲ್ಲ, ಪೂರ್ತಿ ನನ್ನದೇ. ಅಪ್ಪ ಬೈಯ್ಯಲಿಲ್ಲ. "ವಾಪಸ್ ಬರುತ್ತಾ ಪುಟ್ಟಿ?" ಅಂತ ಒಂದೇ ಮಾತು ಕೇಳಿದ್ರು. ಬೈದಿದ್ರೆ ಚೆನ್ನಾಗಿತ್ತು.

ಮುಂದೇನಾಯ್ತು ಅಂತ ಆರನೇ ಭಾಗದಲ್ಲಿ ಹೇಳ್ತೀನಿ. ಈಗ ಅದರಿಂದ ನಾನು ಮಾಡ್ಕೊಂಡ ನಿಯಮಗಳು:

ಒಂದು, ಬರೆಯೋ ಮುಂಚೆ ಬೇರೆ ಎಲ್ಲಾ ಪೆನ್‌ಡ್ರೈವ್, ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್ ತೆಗೆದುಬಿಡಿ. ಒಂದೇ ಇದ್ರೆ ತಪ್ಪಾಗೋ ಚಾನ್ಸ್ ತುಂಬಾ ಕಮ್ಮಿ.

ಎರಡು, ಪೆನ್‌ಡ್ರೈವ್‌ಗೆ ಹೆಸರಿಡಿ. ನನ್ನದರ ಹೆಸರು ಈಗ "ಅಳಿಸಬಹುದು" ಅಂತ. ಅಪ್ಪನದಕ್ಕೆ "ಮುಟ್ಟಬೇಡ".

ಮೂರು, ಆರಿಸಿದ ಡಿಸ್ಕನ್ನ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಒಂದು ಸಲ ತೆಗೆದು ಒಳಗೇನಿದೆ ಅಂತ ಕಣ್ಣಾರೆ ನೋಡಿ.

ನಾಲ್ಕು, ಮುಗಿದ ಮೇಲೆ ತಕ್ಷಣ ಕೀಳಬೇಡಿ, ಇಜೆಕ್ಟ್ ಮಾಡಿ ತೆಗೀರಿ. "ಮುಗೀತು" ಅಂತ ಬಂದ್ರೂ ಸ್ವಲ್ಪ ಡೇಟಾ ರ್‍ಯಾಮ್‌ನಲ್ಲೇ ಇನ್ನೂ ಕಾಯ್ತಿರಬಹುದು. ಲಿನಕ್ಸ್‌ನಲ್ಲಿ ಸಿಂಕ್ ಅಂತ ಕಮಾಂಡ್ ಕೊಟ್ಟು ಅದು ವಾಪಸ್ ಬರೋವರೆಗೂ ಕಾಯಿರಿ.

5. ಬೂಟ್ ಮಾಡೋದು

ಪೆನ್‌ಡ್ರೈವ್ ಹಾಕಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಲೋಗೋ ಬರುವಾಗ ಬೂಟ್ ಮೆನು ಕೀ ಒತ್ತಿ. ಡೆಲ್ ಮತ್ತು ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಮಾಡೆಲ್‌ನಿಂದ ಮಾಡೆಲ್‌ಗೆ ವ್ಯತ್ಯಾಸ ಇರುತ್ತೆ. ಕೀ ಸಿಗದಿದ್ರೆ ವಿಂಡೋಸ್ ಒಳಗಿಂದಲೇ ಶಿಫ್ಟ್ ಹಿಡ್ಕೊಂಡು ರೀಸ್ಟಾರ್ಟ್ ಒತ್ತಿ, "ಡಿವೈಸ್ ಬಳಸಿ" ಅನ್ನೋ ಆಯ್ಕೆ ಬಂದ್ರೆ ಅಲ್ಲಿ ಪೆನ್‌ಡ್ರೈವ್ ಆರಿಸಿ.

ಸೆಕ್ಯೂರ್ ಬೂಟ್ ಬಗ್ಗೆ: ನಂಬಿಕೆಯ ಸಹಿ ಇಲ್ಲದ ಬೂಟ್‌ಲೋಡರ್ ಓಡದ ಹಾಗೆ ಫರ್ಮ್‌ವೇರ್ ತಡೆಯುತ್ತೆ. ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್‌ಗಳು ಮೈಕ್ರೋಸಾಫ್ಟ್ ಸಹಿ ಮಾಡಿದ ಶಿಮ್ ಅನ್ನೋ ಪುಟ್ಟ ಪ್ರೋಗ್ರಾಂ ಇಟ್ಕೊಂಡಿವೆ, ಹಾಗಾಗಿ ಸೆಕ್ಯೂರ್ ಬೂಟ್ ಆನ್ ಇದ್ರೂ ಬೂಟ್ ಆಗುತ್ತೆ. ಆರ್ಚ್‌ನ ಐಎಸ್ಓಗೆ ಅದನ್ನ ಆಫ್ ಮಾಡಲೇಬೇಕು. ವೆಂಟಾಯ್‌ಗೆ ಮೊದಲ ಸಲ ನೀಲಿ ಸ್ಕ್ರೀನ್‌ನಲ್ಲಿ ಕೀ ಸೇರಿಸೋಕೆ ಕೇಳುತ್ತೆ.

ಆಫ್ ಮಾಡೋಕೆ ಮುಂಚೆ ದಯವಿಟ್ಟು ಇದನ್ನ ಓದಿ. ವಿಂಡೋಸ್ 11 ಇರೋ ತುಂಬಾ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ, ನಿಮಗೆ ಗೊತ್ತೇ ಇರಲ್ಲ. ಸೆಕ್ಯೂರ್ ಬೂಟ್ ಸೆಟ್ಟಿಂಗ್ ಮುಟ್ಟಿದ್ರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತೆ. ಮೊದಲೇ ಲಾಗಿನ್ ಆಗಿ ಆ ಕೀ ಬರೆದಿಟ್ಕೊಳ್ಳಿ. ಎಕ್ಸಾಮ್ ಹಿಂದಿನ ದಿನ ಇದನ್ನೆಲ್ಲ ಟ್ರೈ ಮಾಡಬೇಡಿ.

ಸರಿ, ಪೆನ್‌ಡ್ರೈವ್ ಆರಿಸಿದ್ರಿ, ಗ್ರಬ್ ಮೆನು ಬಂತು, ಮೊದಲ ಆಯ್ಕೆಗೆ ಎಂಟರ್ ಒತ್ತಿದ್ರಿ. ಡೆಸ್ಕ್‌ಟಾಪ್ ಬರೋವರೆಗೆ ಒಂದು ನಿಮಿಷದ ಆಸುಪಾಸು ಹಿಡಿಯುತ್ತೆ. ಆ ಒಂದು ನಿಮಿಷದಲ್ಲಿ ನಡೆಯೋದೇ ಈ ಪಾಠದ ತಿರುಳು. ಓಎಸ್ ವೈವಾದಲ್ಲಿ ಕೇಳಿದ್ರೂ ಕೇಳಬಹುದು.

ಮೊದಲು ಗ್ರಬ್ ಎರಡು ಫೈಲನ್ನ ರ್‍ಯಾಮ್‌ಗೆ ತರುತ್ತೆ, ಕರ್ನಲ್ ಮತ್ತು ಇನಿಟ್‌ಆರ್‌ಡಿ. ಮಿಂಟ್, ಉಬುಂಟುವಿನಲ್ಲಿ ಇವು ಕ್ಯಾಸ್ಪರ್ ಅನ್ನೋ ಫೋಲ್ಡರ್‌ನಲ್ಲಿ ಇರ್ತವೆ. ಇನಿಟ್‌ಆರ್‌ಡಿ ಅಂದ್ರೆ ಪುಟ್ಟ ತಾತ್ಕಾಲಿಕ ಫೈಲ್ ಸಿಸ್ಟಮ್. ಯಾಕೆ ಬೇಕು? ಪೆನ್‌ಡ್ರೈವ್‌ನಿಂದ ಮುಂದಿನದನ್ನ ಓದೋಕೆ ಯುಎಸ್‌ಬಿ ಡ್ರೈವರ್ ಬೇಕು, ಡ್ರೈವರ್ ಇರೋದು ಪೆನ್‌ಡ್ರೈವ್ ಒಳಗೆ ಅಂದ್ರೆ ಬೀಗದ ಕೈಯನ್ನ ಬೀರು ಒಳಗಿಟ್ಟು ಬೀಗ ಹಾಕಿದ ಹಾಗೆ. ಅದಕ್ಕೆ ಬೇಕಾದ ಡ್ರೈವರ್‌ಗಳನ್ನ ಇನಿಟ್‌ಆರ್‌ಡಿಯಲ್ಲಿ ಮೊದಲೇ ಇಟ್ಟಿರ್ತಾರೆ.

ಆಮೇಲೆ ಇನಿಟ್‌ಆರ್‌ಡಿಯ ಸ್ಕ್ರಿಪ್ಟ್ ಎಲ್ಲಾ ಡಿಸ್ಕ್ ಹುಡುಕಿ "ನಮ್ಮ ಪೆನ್‌ಡ್ರೈವ್ ಯಾವುದು" ಅಂತ ಪತ್ತೆ ಮಾಡುತ್ತೆ. ಅದರಲ್ಲಿ ಒಂದು ದೊಡ್ಡ ಸ್ಕ್ವಾಷ್‌ಎಫ್‌ಎಸ್ ಫೈಲ್ ಇರುತ್ತೆ. ಇಡೀ ಓಎಸ್ ಅದರೊಳಗೆ ಕಂಪ್ರೆಸ್ ಆಗಿ ಕೂತಿದೆ. ಐಎಸ್ಓದ ಬಹುಪಾಲು ಸೈಜ್ ಇದೇ. ಇದನ್ನ ಪೂರ್ತಿ ಬಿಚ್ಚಲ್ಲ, ಯಾವ ಬ್ಲಾಕ್ ಬೇಕೋ ಅಷ್ಟನ್ನ ಮಾತ್ರ ಆಗಾಗ ಬಿಚ್ಚುತ್ತೆ. ಅದಕ್ಕೇ ಲೈವ್‌ನಲ್ಲಿ ಬ್ರೌಸರ್ ಮೊದಲ ಸಲ ತೆಗೆದಾಗ ನಿಧಾನ, ಎರಡನೇ ಸಲ ಫಾಸ್ಟ್.

ಆದ್ರೆ ಸ್ಕ್ವಾಷ್‌ಎಫ್‌ಎಸ್‌ನಲ್ಲಿ ಓದಬಹುದು, ಬರೆಯೋಕೆ ಆಗಲ್ಲ. ಓಎಸ್‌ಗೆ ಬರೀದೇ ಇರೋಕೆ ಆಗಲ್ಲ. ಇಲ್ಲಿ ಬರೋದು ಓವರ್‌ಲೇ. ಡ್ರಾಯಿಂಗ್ ಶೀಟ್ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಅದರ ಮೇಲೆ ಗೀಚಿದ ಹಾಗೆ. ಮೇಲಿಂದ ನೋಡಿದ್ರೆ ಎರಡೂ ಸೇರಿ ಒಂದೇ ಚಿತ್ರ ಕಾಣುತ್ತೆ, ಕೆಳಗಿನ ಶೀಟ್ ಮಾತ್ರ ಹಾಗೇ ಇರುತ್ತೆ. ಕೆಳಗಿನ ಶೀಟ್ ಸ್ಕ್ವಾಷ್‌ಎಫ್‌ಎಸ್, ಟ್ರೇಸಿಂಗ್ ಪೇಪರ್ ರ್‍ಯಾಮ್. ನೀವು ಫೈಲ್ ಮಾಡಿದ್ರೂ, ಸಾಫ್ಟ್‌ವೇರ್ ಹಾಕಿದ್ರೂ, ವಾಲ್‌ಪೇಪರ್ ಬದಲಾಯಿಸಿದ್ರೂ ಎಲ್ಲಾ ಟ್ರೇಸಿಂಗ್ ಪೇಪರ್ ಮೇಲೆ. ಪವರ್ ಆಫ್ ಆದ್ರೆ ಪೇಪರ್ ಕಸದ ಬುಟ್ಟಿಗೆ.

ಇದು ಅರ್ಥ ಆದ್ರೆ ತುಂಬಾ ಪ್ರಶ್ನೆಗೆ ಉತ್ತರ ತಾನೇ ಸಿಗುತ್ತೆ. ಸೇವ್ ಮಾಡಿದ ಸಿ ಪ್ರೋಗ್ರಾಂ ರೀಸ್ಟಾರ್ಟ್ ಆದ ಮೇಲೆ ಎಲ್ಲಿ ಹೋಯ್ತು? ಪೇಪರ್ ಜೊತೆ ಹೋಯ್ತು. ಉಳಿಸೋಕೆ ಏನು ಮಾಡ್ಬೇಕು? ಟ್ರೇಸಿಂಗ್ ಪೇಪರನ್ನ ರ್‍ಯಾಮ್ ಬದಲು ಪೆನ್‌ಡ್ರೈವ್‌ನ ಒಂದು ಪಾರ್ಟಿಷನ್‌ನಲ್ಲಿ ಇಡಬೇಕು, ಅದಕ್ಕೆ ಪರ್ಸಿಸ್ಟೆನ್ಸ್ ಅಂತಾರೆ. ಉಬುಂಟು ಥರದ ಐಎಸ್ಓ ಕೊಟ್ರೆ ರೂಫಸ್‌ನಲ್ಲಿ ಅದಕ್ಕೆ ಒಂದು ಸ್ಲೈಡರ್ ಬರುತ್ತೆ. ಇನ್ನು ಬೂಟ್ ಸಾಲಿಗೆ ಟುರ್‍ಯಾಮ್ ಅಂತ ಸೇರಿಸಿದ್ರೆ ಕೆಳಗಿನ ಶೀಟೂ ರ್‍ಯಾಮ್‌ಗೇ ಬಂದುಬಿಡುತ್ತೆ, ರ್‍ಯಾಮ್ ಸಾಕಷ್ಟಿದ್ರೆ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕ್ಕೊಂಡ್ರೂ ಲಿನಕ್ಸ್ ಓಡ್ತಿರುತ್ತೆ.

6. ಏನಕ್ಕೆ ಉಪಯೋಗ?

ಲ್ಯಾಬ್ ಪ್ರಾಕ್ಟೀಸ್‌ಗೆ, ಲಿನಕ್ಸ್ ಟೇಸ್ಟ್ ನೋಡೋಕೆ, ನಿಮ್ಮ ವೈಫೈ, ಸೌಂಡ್ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತಾ ಅಂತ ಇನ್‌ಸ್ಟಾಲ್ ಮುಂಚೆ ಚೆಕ್ ಮಾಡೋಕೆ. ನಮ್ಮ ಕ್ಲಬ್‌ನವರಿಗೆ ಇನ್ನೊಂದು: ಕೀಬೋರ್ಡ್ ಸೆಟ್ಟಿಂಗ್‌ನ ಭಾರತೀಯ ಲೇಔಟ್‌ಗಳಲ್ಲಿ ಕನ್ನಡ ಕಗಪ ಅಂತ ಒಂದು ಸಿಗುತ್ತೆ. ಕಗಪ ಅಂದ್ರೆ ಕನ್ನಡ ಗಣಕ ಪರಿಷತ್ತು. ನುಡಿಯಲ್ಲಿ ಟೈಪ್ ಮಾಡಿ ಅಭ್ಯಾಸ ಇರೋರಿಗೆ, ಕೆ. ಪಿ. ರಾವ್ ಅವರ ವಿನ್ಯಾಸದ ಅದೇ ಕೀಗಳು, ಏನೂ ಡೌನ್‌ಲೋಡ್ ಮಾಡದೇ.

ಎಲ್ಲಕ್ಕಿಂತ ದೊಡ್ಡ ಉಪಯೋಗ ರೆಸ್ಕ್ಯೂ. ಹೋದ ಸೆಮ್‌ನಲ್ಲಿ ನನ್ನ ರೂಮ್‌ಮೇಟ್ ಲ್ಯಾಪ್‌ಟಾಪ್ ರಿಪೋರ್ಟ್ ಸಬ್ಮಿಷನ್ ಹಿಂದಿನ ರಾತ್ರಿ ಬೂಟ್ ಆಗೋದು ನಿಲ್ಲಿಸ್ತು. ಡಿಸ್ಕ್ ಸರಿ ಇತ್ತು, ವಿಂಡೋಸ್ ಮಾತ್ರ ಹಾಳಾಗಿತ್ತು. ಲೈವ್ ಮಿಂಟ್‌ನಿಂದ ಬೂಟ್ ಮಾಡಿ, ಅವಳ ಡಿಸ್ಕ್ ತೆಗೆದು, ರಿಪೋರ್ಟ್ ಕಾಪಿ ಮಾಡಿದ್ವಿ. ವಿಂಡೋಸ್ ಫಾಸ್ಟ್ ಸ್ಟಾರ್ಟಪ್‌ನಿಂದ ಅರ್ಧ ಮಲಗಿದ್ದ ಕಾರಣ ಡಿಸ್ಕ್ ಓದೋಕೆ ಮಾತ್ರ ಸಿಕ್ತು, ಬರೆಯೋಕೆ ಬಿಡಲಿಲ್ಲ. ಕಾಪಿಗೆ ಓದೋದು ಸಾಕಲ್ವಾ. ಅವಳ ಡಿಸ್ಕ್‌ನಲ್ಲಿ ಬಿಟ್‌ಲಾಕರ್ ಇರಲಿಲ್ಲ, ಇದ್ದಿದ್ರೆ ರಿಕವರಿ ಕೀ ಇಲ್ಲದೇ ಏನೂ ಆಗ್ತಿರಲಿಲ್ಲ.

ಈಗ ಅಜ್ಜಿ ಹಾಡುಗಳ ವಿಷಯ.

ಡಿಡಿ ಮೋಡ್ ಬರೆದದ್ದು ಐಎಸ್ಓದ ಸೈಜ್‌ನಷ್ಟು, ಅಂದ್ರೆ ಮೊದಲ 3 ಜಿಬಿ ಮಾತ್ರ. ಉಳಿದ 29 ಜಿಬಿಯಲ್ಲಿ ಹಳೇ ಬೈಟ್‌ಗಳು ಇನ್ನೂ ಹಾಗೇ ಇದ್ವು. ಹೋಗಿದ್ದು ಯಾವ ಫೈಲ್ ಎಲ್ಲಿದೆ ಅನ್ನೋ ಪಟ್ಟಿ. ಪುಸ್ತಕದ ಪರಿವಿಡಿ ಮತ್ತು ಮೊದಲ ಕೆಲವು ಅಧ್ಯಾಯ ಹರಿದುಹೋಗಿ, ಹಿಂದಿನ ಪುಟಗಳು ಉಳಿದ ಹಾಗೆ.

ಹಾಗಾಗಿ ಮೊದಲ ಕೆಲಸ, ಆ ಪೆನ್‌ಡ್ರೈವ್‌ಗೆ ಏನೂ ಬರೆಯದೇ ತೆಗೆದಿಡೋದು. ಅದು ಈಗ ಬೂಟಬಲ್ ಮಿಂಟ್ ಅಂತ ಅದರಿಂದಲೇ ಬೂಟ್ ಮಾಡೋದೂ ತಪ್ಪು, ಕೆಲವು ಡಿಸ್ಟ್ರೋಗಳು ಬೂಟ್ ಆಗುವಾಗ ಉಳಿದ ಜಾಗದಲ್ಲಿ ಲಾಗ್‌ಗೆ ಅಂತ ಹೊಸ ಪಾರ್ಟಿಷನ್ ಮಾಡ್ಕೊಳ್ತವೆ. ನನ್ನ ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಲೈವ್ ಮಿಂಟ್ ಮಾಡಿ ಅದರಿಂದ ಬೂಟ್ ಮಾಡಿದೆ. ಟೆಸ್ಟ್‌ಡಿಸ್ಕ್ ಪ್ಯಾಕೇಜ್ ಹಾಕಿದೆ, ಅದು ರ್‍ಯಾಮ್‌ಗೆ ಹೋಯ್ತು, ಟ್ರೇಸಿಂಗ್ ಪೇಪರ್ ನೆನಪಿದ್ಯಲ್ಲಾ. ಅದರ ಜೊತೆ ಬರೋ ಫೋಟೋರೆಕ್ ಅನ್ನೋ ಪ್ರೋಗ್ರಾಂ ಫೈಲ್‌ಗಳ ಪಟ್ಟಿ ನೋಡೋದೇ ಇಲ್ಲ. ಒಂದೊಂದು ಸೆಕ್ಟರ್ ಓದಿ, ಎಂಪಿ3 ಹೀಗೆ ಶುರುವಾಗುತ್ತೆ, ಜೆಪೆಗ್ ಹೀಗೆ ಶುರುವಾಗುತ್ತೆ ಅನ್ನೋ ಗುರುತಿಂದ ಫೈಲ್ ಹೆಕ್ಕಿ ತೆಗೆಯುತ್ತೆ. ಸಿಕ್ಕಿದ್ದನ್ನ ಬೇರೆ ಡಿಸ್ಕ್‌ಗೆ ಸೇವ್ ಮಾಡಬೇಕು, ಅದೇ ಪೆನ್‌ಡ್ರೈವ್‌ಗೆ ಮಾಡಿದ್ರೆ ಹುಡುಕೋ ಫೈಲ್ ಮೇಲೇ ಬರೆದುಬಿಡ್ತೀವಿ.

ರಾತ್ರಿ ಹನ್ನೊಂದಕ್ಕೆ ಮುಗೀತು. 11 ಹಾಡು ಸಿಕ್ತು. ಒಂದಕ್ಕೂ ಹೆಸರಿಲ್ಲ, ಎಫ್ ಅಕ್ಷರ, ಮುಂದೆ ಉದ್ದ ನಂಬರ್. ಆ ನಂಬರ್ ಅಂದ್ರೆ ಫೈಲ್ ಶುರುವಾಗೋ ಸೆಕ್ಟರ್. 3 ಜಿಬಿಯನ್ನ 512ರಿಂದ ಭಾಗಿಸಿದ್ರೆ ಸುಮಾರು 58 ಲಕ್ಷ. ಸಿಕ್ಕ ಅಷ್ಟೂ ಹಾಡಿನ ನಂಬರ್ ಅದಕ್ಕಿಂತ ಮೇಲೆ. ಕೆಳಗಿದ್ದ 6 ಹಾಡಿನ ಜಾಗದಲ್ಲಿ ಈಗ ಮಿಂಟ್ ಕೂತಿದೆ. ಅಂಥ ಕಡೆ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ.

ಮಾರನೇ ದಿನ ಅಜ್ಜಿಗೆ ಒಂದೊಂದೇ ಕೇಳಿಸಿದೆ. ಅವರು ಹೇಳಿದ ಹಾಗೆ ಹೆಸರು ಹಾಕಿದೆ: ಎಣ್ಣೆ ಶಾಸ್ತ್ರದ್ದು, ಬೀಗರ ಹಾಡು, ಹೆಣ್ಣು ಒಪ್ಪಿಸೋ ಹಾಡು. ಉಳಿದವು ಹೋದ್ವು ಅಂತ ಹೇಳಿದಾಗ "ಬುಡು ಮಗ, ನಾನಿವ್ನಲ್ಲಾ, ಇನ್ನೊಂದ್ಸಲ ಹೇಳ್ತೀನಿ" ಅನ್ನೋ ಬದಲು, ಅವರ ಮಾತಲ್ಲಿ ಹೇಳೋದಾದ್ರೆ, "ನಾನಿವ್ನಿ ಬುಡು" ಅಂತ ನಕ್ಕು ನಾಲ್ಕು ಹಾಡು ಮತ್ತೆ ಹೇಳಿದ್ರು. ಎರಡು ಮಾತ್ರ ನೆನಪಾಗಲಿಲ್ಲ. "ರಾಗ ಬತ್ತದೆ, ಪದ ಬತ್ತಿಲ್ಲ ಕಣವ್ವ" ಅಂದ್ರು. ಆ ಎರಡರ ರಾಗ ಗುನುಗಿದ್ದನ್ನೇ ರೆಕಾರ್ಡ್ ಮಾಡಿ ಇಟ್ಟಿದ್ದೀನಿ. ಊರಲ್ಲಿ ಯಾರಿಗಾದ್ರೂ ಪದ ಗೊತ್ತಿದ್ಯಾ ಅಂತ ಅಪ್ಪ ಈಗಲೂ ಕೇಳ್ತಿರ್ತಾರೆ.

7. ಸಾಮಾನ್ಯ ತೊಂದರೆಗಳು

"ಫಾರ್ಮ್ಯಾಟ್ ಮಾಡಬೇಕಾ?" ಅಂತ ವಿಂಡೋಸ್ ಕೇಳ್ತಿದೆ: ಬರೆದ ಪೆನ್‌ಡ್ರೈವ್‌ನಲ್ಲಿರೋ ಕೆಲವು ಪಾರ್ಟಿಷನ್ ವಿಂಡೋಸ್‌ಗೆ ಅರ್ಥ ಆಗಲ್ಲ. ಕ್ಯಾನ್ಸಲ್ ಒತ್ತಿ.

32 ಜಿಬಿ ಪೆನ್‌ಡ್ರೈವ್ ಕೆಲವೇ ಎಂಬಿ ತೋರಿಸ್ತಿದೆ: ಹಾಳಾಗಿಲ್ಲ, ಎಸೀಬೇಡಿ. ಪಾರ್ಟಿಷನ್ ಟೇಬಲ್ ಐಎಸ್ಓದ್ದು, ಅಷ್ಟೇ. ವಾಪಸ್ ಮಾಮೂಲಿ ಮಾಡೋಕೆ ರೂಫಸ್‌ನಲ್ಲಿ ನಾನ್ ಬೂಟಬಲ್ ಆರಿಸಿ ಫಾರ್ಮ್ಯಾಟ್ ಮಾಡಿ. ಇಲ್ಲೂ ಯಾವ ಡಿಸ್ಕ್ ಅಂತ ನೋಡಿ!

ಎಂಟರ್ ಒತ್ತಿದ ಮೇಲೆ ಕಪ್ಪು ಸ್ಕ್ರೀನ್: ಗ್ರಾಫಿಕ್ಸ್ ಕಾರ್ಡ್ ಸಮಸ್ಯೆ ಇರಬಹುದು. ಗ್ರಬ್ ಮೆನುವಿನಲ್ಲಿ ಕಂಪ್ಯಾಟಿಬಿಲಿಟಿ ಮೋಡ್ ಅಥವಾ ಸೇಫ್ ಗ್ರಾಫಿಕ್ಸ್ ಆರಿಸಿ.

ಲೈವ್‌ನಲ್ಲಿ ಒಳಗಿನ ಡಿಸ್ಕೇ ಕಾಣ್ತಿಲ್ಲ: ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್‌ನ ಆರ್‌ಎಸ್‌ಟಿ ಮೋಡ್ ಆನ್ ಇರುತ್ತೆ. ಸುಮ್ನೆ ಲಿನಕ್ಸ್ ನೋಡೋಕಾದ್ರೆ ಹಾಗೇ ಬಿಡಿ. ವಿಂಡೋಸ್ ಕಡೆ ತಯಾರಿ ಮಾಡದೇ ಆ ಸೆಟ್ಟಿಂಗ್ ಬದಲಾಯಿಸಿದ್ರೆ ವಿಂಡೋಸ್ ಬೂಟ್ ಆಗದೇ ಹೋಗಬಹುದು.

ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಐಕಾನ್: ನೋಡಿ, ಮುಟ್ಟಬೇಡಿ. ಲೈವ್ ಸೇಫ್, ಇನ್‌ಸ್ಟಾಲರ್ ಹಾಗಲ್ಲ.

8. ಹೋಮ್‌ವರ್ಕ್

ಒಂದು, ಲೈವ್ ಮಿಂಟ್‌ನಲ್ಲಿ ಒಂದು ಫೈಲ್ ಮಾಡಿ, ಟರ್ಮಿನಲ್‌ನಲ್ಲಿ ಮೌಂಟ್ ಕಮಾಂಡ್ ಕೊಟ್ಟು ಸ್ಕ್ವಾಷ್‌ಎಫ್‌ಎಸ್ ಮತ್ತು ಓವರ್‌ಲೇ ಸಾಲುಗಳನ್ನ ಹುಡುಕಿ. ರೀಸ್ಟಾರ್ಟ್ ಮಾಡಿ, ಫೈಲ್ ಇಲ್ಲದ್ದನ್ನ ಕಣ್ಣಾರೆ ನೋಡಿ.

ಎರಡು, ಇದು ಇವತ್ತೇ. ನಿಮ್ಮ ಹತ್ರ ಒಂದೇ ಕಾಪಿ ಇರೋ ಫೈಲ್ ಯಾವುದು ಅಂತ ಯೋಚನೆ ಮಾಡಿ. ಮದುವೆ ಫೋಟೋನೋ, ಅಜ್ಜಿ ಧ್ವನಿನೋ, ಪ್ರಾಜೆಕ್ಟ್ ಕೋಡೋ. ಮೂರು ಕಾಪಿ, ಎರಡು ಬೇರೆ ಬೇರೆ ಥರದ ಜಾಗದಲ್ಲಿ, ಒಂದು ಮನೆಯಿಂದ ಹೊರಗೆ ಇರಲಿ. ನಮ್ಮ 15 ಹಾಡು ಈಗ ಅಪ್ಪನ ಪೆನ್‌ಡ್ರೈವ್‌ನಲ್ಲಿ, ನನ್ನ ಲ್ಯಾಪ್‌ಟಾಪ್‌ನಲ್ಲಿ, ಕ್ಲೌಡ್‌ನಲ್ಲಿ ಇವೆ.

ಪೆನ್‌ಡ್ರೈವ್ ರೆಡಿ ಮಾಡೋಕೆ ಯಾರಿಗಾದ್ರೂ ಧೈರ್ಯ ಸಾಲದಿದ್ರೆ ಕ್ಲಬ್ ಮೀಟಿಂಗ್ ದಿನ ತಗೊಂಡು ಬನ್ನಿ, ಜೊತೆಯಲ್ಲಿ ಕೂತು ಮಾಡೋಣ. ಒಂದೇ ಪೆನ್‌ಡ್ರೈವ್ ತನ್ನಿ.